ಶಾಸ್ತ್ರೀಯಕ್ಕೆಂದು ತಂದ ಹೆಡ್‌ಫೋನು

ನಮ್ಮ ಮನೆಯ ಹೆಡ್‌ಫೋನಿಗೆ ವಯಸ್ಸಾಗಿದೆ. ಕಿವಿಯನ್ನು ಒತ್ತುವ ಅದರ ಮೆತ್ತೆಗಳ ಕಪ್ಪು ತೊಗಲು ಹೊಟ್ಟಿನಂತೆ ಉದುರುತ್ತಿದೆ. ಚಾಪೆಯ ಮೇಲೆ, ದಿಂಬಿನ ಮೇಲೆ, ಒಮ್ಮೆ ಉಪ್ಪಿಟ್ಟಿನ ತಟ್ಟೆಯಲ್ಲಿ. ಉಪ್ಪಿಟ್ಟಿನಲ್ಲಿದ್ದದ್ದನ್ನು ಸಾಸಿವೆ ಎಂದುಕೊಂಡು ನಾನು ತಿಂದೇಬಿಟ್ಟೆ. ಅಂಥ ವ್ಯತ್ಯಾಸವೇನೂ ತಿಳಿಯಲಿಲ್ಲ. ಇದನ್ನು ಕೇಳಿ ಅವ್ವನಿಗೆ ಸಿಟ್ಟು ಬಂತು. ಸಿಟ್ಟು ಹೆಡ್‌ಫೋನಿನ ಮೇಲೋ, ತನ್ನ ಒಗ್ಗರಣೆಗಾದ ಅವಮಾನದಿಂದಲೋ ಹೇಳುವುದು ಕಷ್ಟ.

"ಮನಿ ತುಂಬ ಕಾಗಿ ಪುಕ್ಕ ಉದುರಿಸಿದಂಗ ಉದುರಿಸಾಕತ್ತೈತಿ. ಒಂದು ಅದನ್ನ ಹೊರಗ ಹಾಕ್ರಿ, ಇಲ್ಲಾ ನನ್ನ ಹೊರಗ ಹಾಕ್ರಿ," ಎಂದಳು.

ಎರಡನೆಯದು ಆಗುವ ಕೆಲಸವಲ್ಲ. ಹಾಗಾಗಿ ನಾನು ಕಂಪ್ಯೂಟರಿನ ಮುಂದೆ ಕೂತು ಹೊಸ ಹೆಡ್‌ಫೋನು ಹುಡುಕತೊಡಗಿದೆ. ತೆರೆದ ಮೊದಲ ಪುಟವೇ ಹಿರಿಯರಂತೆ ಬುದ್ಧಿ ಹೇಳಿತು: ಹೆಡ್‌ಫೋನು ಕೊಳ್ಳುವ ಮೊದಲು ನಿಮಗೆ ಯಾವ ಸಂಗೀತ ಇಷ್ಟ ಎಂಬುದನ್ನು ಪ್ರಾಮಾಣಿಕವಾಗಿ ಗೊತ್ತುಮಾಡಿಕೊಳ್ಳಿ.

ನಾನು ಪುಟವನ್ನು ಮುಚ್ಚಿದೆ.

ನೋಡಲು ಇದು ಸಭ್ಯ ಪ್ರಶ್ನೆ. ಆದರೆ ಸ್ವಲ್ಪ ಯೋಚಿಸಿ. ಏನು ಓದುತ್ತೀರಿ ಎಂದು ಯಾರಾದರೂ ಕೇಳಿದರೆ ಧೈರ್ಯವಾಗಿ ಸುಳ್ಳು ಹೇಳಬಹುದು. ಪುಸ್ತಕ ಕಪಾಟಿನಲ್ಲಿ ಸುಮ್ಮನೆ ನಿಂತಿರುತ್ತದೆ, ಸಾಕ್ಷಿ ಹೇಳಲು ಬರುವುದಿಲ್ಲ. ಸಂಗೀತದ ರುಚಿ ಹಾಗಲ್ಲ. ಅದು ಒಳಬಟ್ಟೆಯ ಹಾಗೆ. ಎಲ್ಲರ ಮನೆಯಲ್ಲೂ ಇರುತ್ತದೆ, ಯಾರೂ ಅದನ್ನು ಬೀದಿಗೆ ಕಾಣುವಂತೆ ತಂತಿಯ ಮೇಲೆ ಒಣಹಾಕುವುದಿಲ್ಲ. ಮೇಲೊಂದು ಸೀರೆ ಹರವಿ ಅದರ ಮರೆಯಲ್ಲಿ ಒಣಗಿಸುತ್ತಾರೆ. ನಾನು ಬಹಳ ವರ್ಷ ಮೇಲೆ ಹರವಿದ್ದ ಸೀರೆ ಹಿಂದೂಸ್ತಾನಿ ಶಾಸ್ತ್ರೀಯ ಸಂಗೀತ. ಅದನ್ನು ನನ್ನ ಕೈಗೆ ಕೊಟ್ಟವರು ಅಪ್ಪ.

ನಾವು ರಾಯಚೂರು ಕಡೆಯವರು. ಅಪ್ಪನ ನೌಕರಿಯ ಬೆನ್ನು ಹತ್ತಿ ಹೈದರಾಬಾದಿಗೆ ಬಂದು, ನಾರಾಯಣಗೂಡದ ಒಂದು ಹಳೆಯ ಮನೆಯ ಮಾಳಿಗೆಯಲ್ಲಿ ಬಾಡಿಗೆಗೆ ನೆಲೆಸಿದವರು. ಕೆಳಗೆ ಮನೆಯ ಒಡತಿ. ಅವರಿಗೊಂದು ಒಳ್ಳೆಯ ಹೆಸರಿದೆ, ಆದರೆ ನಾರಾಯಣಗೂಡದ ನಿಯಮದಂತೆ ನಾವೆಲ್ಲ ಓನರ್ ಆಂಟಿ ಎನ್ನುತ್ತೇವೆ. ಆ ಮನೆಯನ್ನು ಕಟ್ಟಿದ ಮೇಸ್ತ್ರಿ ಗಾಳಿ ಬೆಳಕಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡವನಲ್ಲ. ಆದರೆ ಮಾತು ಮೇಲಿಂದ ಕೆಳಕ್ಕೆ ಇಳಿಯಲು ಎಲ್ಲ ಅನುಕೂಲ ಮಾಡಿಕೊಟ್ಟಿದ್ದ. ಮೇಲೆ ಅಡುಗೆಮನೆಯಲ್ಲಿ ಅವ್ವ "ಕರಿಬೇವು ತೀರೇತಿ ನೋಡು" ಎಂದು ತನ್ನಷ್ಟಕ್ಕೆ ಗೊಣಗಿದರೆ ಕೆಳಗಿನಿಂದ "ಪಂಪಿಸ್ತುನ್ನ ವದಿನಾ!" ಎಂದು, ಕಳಿಸುತ್ತಿದ್ದೇನೆ ಅತ್ತಿಗೆ ಎಂಬ ತೆಲುಗು ಉತ್ತರ ಬರುತ್ತಿತ್ತು, ಹಿಂದೆಯೇ ಕರಿಬೇವೂ. ಆಂಟಿಗೆ ಕನ್ನಡ ಆಡಲು ಬರುವುದಿಲ್ಲ. ಇಷ್ಟು ವರ್ಷ ನಮ್ಮ ಮನೆಯನ್ನು ಕೇಳಿಸಿಕೊಂಡು ಅರ್ಥ ಮಾತ್ರ ಪೂರ್ತಿ ಆಗುತ್ತದೆ.

ಇಂಥ ಮನೆಯಲ್ಲಿ ಬೆಳೆದ ಹುಡುಗಿ ಒಂದೋ ಬಾಯಿಬಡುಕಿಯಾಗಬೇಕು, ಇಲ್ಲವೇ ನನ್ನ ಹಾಗಾಗಬೇಕು. ನಾನು ಮೆಲ್ಲಗೆ ಮಾತಾಡುವುದನ್ನು ಕಲಿತೆ. ಆಮೇಲೆ ಮಾತಾಡದೆ ಇರುವುದು ಇನ್ನೂ ಸುಲಭ ಎಂದು ಕಂಡುಕೊಂಡೆ. ಈ ವಿಷಯದಲ್ಲಿ ನಾನು ಅಪ್ಪನ ಮಗಳು. ಅಪ್ಪ ಒಂದು ದಿನಕ್ಕೆ ಆಡುವ ಮಾತನ್ನೆಲ್ಲ ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದು ವಿಳಾಸಕ್ಕೂ ಧಾರಾಳವಾಗಿ ಜಾಗ ಉಳಿಸಬಹುದು. ನಾವಿಬ್ಬರೇ ಮನೆಯಲ್ಲಿದ್ದ ದಿನ ಓನರ್ ಆಂಟಿ ಗಾಬರಿಯಾಗಿ ಮೇಲೆ ಬಂದು ನೋಡಿಕೊಂಡು ಹೋಗುತ್ತಿದ್ದರು.

ಅಪ್ಪ ಮಾತಾಡದೆ ಉಳಿಸಿದ್ದನ್ನೆಲ್ಲ ಖರ್ಚು ಮಾಡುತ್ತಿದ್ದದ್ದು ರವಿವಾರ ಬೆಳಿಗ್ಗೆ. ಸ್ನಾನ ಮುಗಿಸಿ, ಬಿಳಿ ಬನಿಯನ್ ತೊಟ್ಟು, ಪಡಸಾಲೆಯಲ್ಲಿ ಚಾಪೆ ಹಾಸಿ, ಟೇಪ್‌ರೆಕಾರ್ಡರಿನಲ್ಲಿ ಒಂದು ಖಯಾಲ್ ಹಚ್ಚುತ್ತಿದ್ದರು. ಅದು ಮುಗಿಯುವತನಕ ಮನೆಯಲ್ಲಿ ಮಿಕ್ಸರ್ ತಿರುಗುವಂತಿಲ್ಲ. ಅವ್ವ ಅದಕ್ಕೇ ಎಲ್ಲರಿಗಿಂತ ಮೊದಲೆದ್ದು ಚಟ್ನಿ ರುಬ್ಬಿಕೊಳ್ಳುತ್ತಿದ್ದಳು. ಮರೆತ ದಿನ ನಮ್ಮ ದೋಸೆಗೆ ಚಟ್ನಿಪುಡಿ. ಹಿಂದೂಸ್ತಾನಿ ಸಂಗೀತಕ್ಕಾಗಿ ದೇಶದಲ್ಲಿ ಯಾರ್ಯಾರೋ ಏನೇನೋ ತ್ಯಾಗ ಮಾಡಿದ್ದಾರೆ. ಅವ್ವ ಶೇಂಗಾ ಚಟ್ನಿ ಕೊಟ್ಟಿದ್ದಾಳೆ, ಅವಳ ಫೋಟೋವನ್ನು ಯಾರೂ ಸಭಾಭವನದಲ್ಲಿ ತೂಗುಹಾಕಿಲ್ಲ.

ಚಾಪೆಯ ಇನ್ನೊಂದು ತುದಿ ನನ್ನದು. ಯಾರೂ ಕೂಡು ಎಂದು ಕರೆದದ್ದಲ್ಲ. ಚಿಕ್ಕವಳಿದ್ದಾಗ ಒಂದು ರವಿವಾರ ಹೋಗಿ ಕೂತೆ, ಅಪ್ಪ ಸ್ವಲ್ಪ ಸರಿದು ಜಾಗ ಮಾಡಿದರು, ಅಷ್ಟೇ. ನಮ್ಮಿಬ್ಬರ ನಡುವೆ ಏನು ಪ್ರೀತಿಯ ಮಾತು ನಡೆದಿದ್ದರೂ ಅದು ಆ ಸರಿದ ಒಂದು ಗೇಣು.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಖಯಾಲ್ ತಿಳಿಯುತ್ತಿರಲಿಲ್ಲ. ತಿಳಿಯುವುದಿರಲಿ, ಕೇಳುತ್ತಲೂ ಇರಲಿಲ್ಲ. ಗಾಯಕರು ಯಾವುದೋ ಹೆಣ್ಣು ನೀರಿಗೆ ಹೊರಟ ಸುದ್ದಿಯನ್ನು ಅರ್ಧ ಗಂಟೆ ಹೇಳುತ್ತಿದ್ದರು. ಅಷ್ಟರಲ್ಲಿ ನಮ್ಮ ಓಣಿಯ ಮುನ್ಸಿಪಾಲ್ಟಿ ನಳ ಬಂದು ನಿಂತು ಹೋಗಿರುತ್ತಿತ್ತು. ನಾನು ನೋಡುತ್ತಿದ್ದದ್ದು ಅಪ್ಪನ ಬಲಗೈಯನ್ನು. ತಾಳ ತನ್ನ ಒಂದು ಸುತ್ತು ಮುಗಿಸಿ ಮರಳಿ ಬರುವ ಮೊದಲ ಪೆಟ್ಟಿಗೆ ಸಮ್ ಎನ್ನುತ್ತಾರೆ. ಗಾಯಕ ಎಲ್ಲೆಲ್ಲೋ ತಿರುಗಾಡಿ ಸರಿಯಾಗಿ ಅಲ್ಲಿಗೆ ಬಂದು ಇಳಿದಾಗ ರಸಿಕರು ತೊಡೆ ತಟ್ಟಿ ಆಹಾ ಎನ್ನಬೇಕು. ಅಪ್ಪನ ಕೈ ತೊಡೆಗೆ ಬೀಳುವ ಮುಂಚೆ ಕಿರುಬೆರಳು ಸ್ವಲ್ಪ ಮೇಲೇಳುತ್ತಿತ್ತು. ಅದು ಎದ್ದದ್ದೇ ತಡ, ನಾನು ಕಣ್ಣು ಮುಚ್ಚಿ "ಆಹಾ" ಅನ್ನುತ್ತಿದ್ದೆ. ಪರೀಕ್ಷೆಗೆ ಓದುವವರು ಗೈಡ್ ಬಳಸುವುದಿಲ್ಲವೇ, ಹಾಗೆ.

ಊರಿನಿಂದ ಯಾರಾದರೂ ಬಂದರೆ ಅಪ್ಪ ಇಡೀ ವರ್ಷದ ಹೊಗಳಿಕೆಯನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದರು: "ನಮ್ಮ ವೈಜೂಗ ಸಮ್ ನನಗಿಂತ ಮೊದಲ ತಿಳೀತೈತ್ರಿ."

ಬಂದವರು ನನ್ನನ್ನು ಗೌರವದಿಂದ ನೋಡುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನವರು ವಿನಯ ಎಂದು ತಿಳಿಯುತ್ತಿದ್ದರು.

ಹಾಗಾದರೆ ಮರೆಯಲ್ಲಿ ಒಣಗುತ್ತಿದ್ದದ್ದು ಏನು? ಹೇಳುತ್ತೇನೆ. ತೀನ್‌ಮಾರ್.

ಹೈದರಾಬಾದಿನಲ್ಲಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲದವರಿಗೆ ವಿವರಿಸಿ ಪ್ರಯೋಜನವಿಲ್ಲ. ಆದರೂ ಪ್ರಯತ್ನಿಸುತ್ತೇನೆ. ಮದುವೆ, ಬೋನಾಲು ಹಬ್ಬ, ಗಣಪತಿ, ಚುನಾವಣೆಯಲ್ಲಿ ಗೆದ್ದವರ ಮೆರವಣಿಗೆ, ಒಮ್ಮೊಮ್ಮೆ ಸೋತವರದ್ದೂ, ಎಲ್ಲದಕ್ಕೂ ಮುಂದೆ ಡಪ್ಪು ಹಿಡಿದವರು ಬಡಿಯುತ್ತ ಹೋಗುವ ಪೆಟ್ಟು ಅದು. ಅದು ಕಿವಿಗೆ ಬರುವುದೇ ಇಲ್ಲ, ನೇರ ಭುಜಕ್ಕೆ ಬರುತ್ತದೆ. ಬ್ಯಾಂಕಿನ ಮುಂದೆ ಮೆರವಣಿಗೆ ಹಾದಾಗ ಕೌಂಟರಿನ ಹಿಂದೆ ನೋಟು ಎಣಿಸುವವರ ಭುಜ ತಾನಾಗಿ ಏರಿ ಇಳಿಯುವುದನ್ನು ನಾನೇ ನೋಡಿದ್ದೇನೆ. ಅಂಥ ಮೆರವಣಿಗೆಗಳು ನಮ್ಮ ಬಾಲ್ಕನಿಯ ಕೆಳಗೇ ಹೋಗುತ್ತಿದ್ದವು. ಮೊದಲ ಸಲ ಕೇಳಿದಾಗ ನಾನು ಕಂಬಿ ಹಿಡಿದು ನಿಂತಿದ್ದೆ, ಎರಡು ಜಡೆ, ಕಾಲಲ್ಲಿ ಶಾಲೆಯ ಬೂಟು. ಕೆಳಗೆ ಲೋಕವೆಲ್ಲ ಕುಣಿಯುತ್ತಿತ್ತು. ನಾನು ಕುಣಿಯಲಿಲ್ಲ. ಆದರೆ ಬಲಗಾಲಿನ ಬೂಟಿನೊಳಗೆ, ಯಾರಿಗೂ ಕಾಣದಂತೆ, ಹೆಬ್ಬೆರಳು ಎದ್ದು ಕುಣಿಯಿತು.

ಅಂದಿನಿಂದ ನನ್ನ ಕುಣಿತವೆಲ್ಲ ಆ ಒಂದು ಹೆಬ್ಬೆರಳಿನದು. ಉಳಿದ ಮೈ ವಿಶ್ವವಿದ್ಯಾಲಯದ ಪದವಿ ಪಡೆಯಿತು.

ರವಿವಾರದ ಚಾಪೆಯ ಮೇಲೂ ಇದೇ ನಡೆಯುತ್ತಿತ್ತು. ವಿಲಂಬಿತ ಖಯಾಲಿನಲ್ಲಿ ತಬಲಾದ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಒಂದು ಇಡೀ ಮದುವೆಯ ಬರಾತು, ಕುದುರೆ ಸಮೇತ, ಹಾದುಹೋಗುವಷ್ಟು ಜಾಗ ಇರುತ್ತದೆ. ನಾನು ಹಾಯಿಸುತ್ತಿದ್ದೆ. ಪಾದವನ್ನು ಲಂಗದೊಳಗೆ ಎಳೆದುಕೊಂಡು, ಮುಖದಲ್ಲಿ ಭಕ್ತಿ ಇಟ್ಟುಕೊಂಡು. ಅಪ್ಪನಿಗೆ ಇದು ಗೊತ್ತಾಗಬಾರದು ಎಂಬುದೊಂದೇ ನನ್ನ ಚಿಂತೆ. ಬೈಯುತ್ತಾರೆಂದಲ್ಲ, ಅಪ್ಪ ಬೈದವರಲ್ಲ. ಗೊತ್ತಾದರೆ, ಪಾಪ ಹುಡುಗಿಗೆ ಸುಮ್ಮನೆ ಯಾಕೆ ತೊಂದರೆ ಎಂದು ಮರುವಾರದಿಂದ ಚಾಪೆಯನ್ನು ಸಣ್ಣದಾಗಿ ಹಾಸಿಕೊಳ್ಳುತ್ತಿದ್ದರು. ಅಂಥ ಮನುಷ್ಯ. ಆ ಒಂದು ಗೇಣು ಹೋದರೆ ನಮ್ಮಿಬ್ಬರಿಗೂ ಒಟ್ಟಿಗೆ ಕೂರಲು ಬೇರೆ ಕಾರಣವೇ ಇರಲಿಲ್ಲ.

ಆಮೇಲೆ ಎಲ್ಲರಿಗೂ ಸಿಕ್ಕಂತೆ ನನಗೂ ಮಾಧಾಪುರದ ಕಡೆ ಒಂದು ಗಾಜಿನ ಕಟ್ಟಡದಲ್ಲಿ ನೌಕರಿ ಸಿಕ್ಕಿತು. ಆ ಕಾಲದಲ್ಲಿ ಅಲ್ಲಿ ಬಂಡೆ ಒಡೆಯುವ ಸದ್ದು ಒಂದು ಕಡೆ, ಕೀಬೋರ್ಡಿನ ಸದ್ದು ಇನ್ನೊಂದು ಕಡೆ. ನಮ್ಮ ಆಫೀಸಿನಲ್ಲಿ ಗೋಡೆಯಿಲ್ಲ, ಬಾಗಿಲಿಲ್ಲ. ಎಲ್ಲರೂ ಒಂದೇ ಹಾಲಿನಲ್ಲಿ ಸಾಲಾಗಿ ಪಂಕ್ತಿಗೆ ಕೂತಂತೆ. ಎಲೆಯ ಜಾಗದಲ್ಲಿ ಕಂಪ್ಯೂಟರ್. ಬಾಗಿಲಿಲ್ಲದ ಕಡೆ ಜನ ತಲೆಗೇ ಬಾಗಿಲು ಹಾಕಿಕೊಳ್ಳುತ್ತಾರೆ. ಎರಡೂ ಕಿವಿ ಮುಚ್ಚಿದ್ದರೆ ಮಾತಾಡಿಸಬಾರದು, ಒಂದು ತೆರೆದಿದ್ದರೆ ಅರ್ಜೆಂಟ್ ಕೆಲಸಕ್ಕೆ ಕರೆಯಬಹುದು, ಕೊರಳಲ್ಲಿ ಹಾಕಿಕೊಂಡಿದ್ದರೆ ಚಹಾಕ್ಕೆ ಸಿದ್ಧ ಎಂದು ಅರ್ಥ. ಎದುರು ಸಾಲಿನ ಒಬ್ಬರು ತಂತಿಯ ತುದಿಯನ್ನು ಯಾವುದಕ್ಕೂ ಚುಚ್ಚದೆ ಅಂಗಿಯ ಜೇಬಿಗೆ ಇಳಿಬಿಟ್ಟು ಇಡೀ ದಿನ ಗಂಭೀರವಾಗಿ ಕೂರುತ್ತಿದ್ದರು. ನನಗೆ ಅವರ ಮೇಲೆ ಬಹಳ ಗೌರವ.

ನನ್ನ ಬಳಿ ಇದ್ದದ್ದು ಎಂ.ಪಿ.ತ್ರೀ ಪ್ಲೇಯರಿನ ಜೊತೆ ಬಂದ ಪುಟ್ಟ ಇಯರ್‌ಫೋನು. ಅದರ ಒಂದು ಕಿವಿ ಸತ್ತಿತು. ನಾನು ಮನೆಯಲ್ಲಿ ಅದನ್ನು ಅಲುಗಾಡಿಸಿ ನೋಡುತ್ತಿದ್ದಾಗ ಅಪ್ಪ ಕಂಡರು.

"ನಡಿ, ಚಲೋದು ಒಂದು ತರೂಣು," ಅಂದರು.

"ಬ್ಯಾಡ್ರಿ ಅಪ್ಪಾ, ನಾನ ತಗೋತೀನಿ."

"ನಾ ಕೊಡಸ್ತೀನಿ."

ಪೋಸ್ಟ್‌ಕಾರ್ಡಿನ ಅರ್ಧ ಅಷ್ಟಕ್ಕೇ ತುಂಬಿತ್ತು. ಹೊರಟೆವು.

ಕೋಠಿಯಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಗಲ್ಲಿಯೊಂದಿದೆ. ಅಗಲ ಎಷ್ಟೆಂದರೆ ಒಂದು ಅಂಗಡಿಯಲ್ಲಿ ವಸ್ತುವನ್ನು ನೋಡುತ್ತ ಬೆನ್ನಿನಿಂದ ಎದುರಿನ ಅಂಗಡಿಯ ವಸ್ತುವನ್ನು ಬೀಳಿಸಬಹುದು. ಅಪ್ಪ ಹುಡುಕಿದ ಅಂಗಡಿಯವರು ಡಾಕ್ಟರರ ಹಾಗೆ ಕೂತಿದ್ದರು. ಹಿಂದೆ ಗೋಡೆಯ ತುಂಬ ಹೆಡ್‌ಫೋನುಗಳು ಮೊಳೆಗೆ ತೂಗುತ್ತಿದ್ದವು. ನಾವು ಕೈ ತೋರಿಸಿದ್ದನ್ನು ಕೊಡಲು ಅವರು ಒಪ್ಪಲಿಲ್ಲ.

"ಐಸಾ ನಹಿ ಹೋತಾ ಅಮ್ಮಾ. ಪೈಲೇ ಬೋಲೋ, ಕ್ಯಾ ಸುನ್ತೆ ಆಪ್?"

ಏನು ಕೇಳುತ್ತೀರಿ, ಮೊದಲು ಅದು ಹೇಳಿ. ಹಿಂದೆ ನಾಲ್ಕು ಜನ ಗಿರಾಕಿಗಳು, ಪಕ್ಕದಲ್ಲಿ ಅಪ್ಪ.

"ಎಲ್ಲಾ," ಅಂದೆ, ಹಿಂದಿಯಲ್ಲಿ.

"ಸಬ್ ಕುಚ್ ಕೋಯೀ ನಹಿ ಸುನ್ತಾ," ಎಂದು ಡಾಕ್ಟರರು ನನ್ನ ಉತ್ತರವನ್ನು ತಳ್ಳಿಹಾಕಿದರು. ಎಲ್ಲವನ್ನೂ ಯಾರೂ ಕೇಳುವುದಿಲ್ಲವಂತೆ. ಆಮೇಲೆ ಅವರು ಗೋಡೆಯಿಂದ ಒಂದನ್ನು ಇಳಿಸಿ ಮೇಜಿನ ಮೇಲಿಟ್ಟರು. ಕೆಂಪು ಕಪ್ಪು ಬಣ್ಣ, ಕಿವಿಗಳು ತೆಂಗಿನ ಚಿಪ್ಪಿನಷ್ಟು ದಪ್ಪ. ಇದು ಧಮಾಕದ ಮಾಲು, ಅಂದರು. ಒಳಗೆ ಬಾಂಬ್ ಸಿಡಿದರೂ ಹೊರಗೆ ಚೂರೂ ಕೇಳದು, ಡಿ.ಜೆ.ಯವರು, ತೀನ್‌ಮಾರ್‌ನವರು ಬಂದು ಇದನ್ನೇ ಒಯ್ಯುತ್ತಾರೆ.

ನಾನು ಅದನ್ನು ನೋಡಿದೆ. ಅದೂ ನನ್ನನ್ನು ನೋಡಿತು. ಮದುವೆಯಲ್ಲಿ ಹೆಣ್ಣಿಗೆ ಇಷ್ಟವಾದ ಗಂಡು ಬೀಗರ ಗುಂಪಿನಲ್ಲಿ ಹಿಂದೆಲ್ಲೋ ನಿಂತಿರುವ ಹಾಗೆ ಇತ್ತು ಆ ಗಳಿಗೆ.

ಅಪ್ಪ ನಕ್ಕರು. ಅವರು ಹೊರಗಿನವರ ಮುಂದೆ ನಕ್ಕದ್ದು ನಾನು ಕಂಡಂತೆ ಅದೇ ಮೊದಲು. "ಹಮಾರಿ ಲಡ್ಕಿ ಕ್ಲಾಸಿಕಲ್ ಸುನ್ತಿ ಮಿಯಾ. ಔರ್ ಕುಚ್ ನಹಿ ಸುನ್ತಿ."

ನಮ್ಮ ಹುಡುಗಿ ಶಾಸ್ತ್ರೀಯ ಬಿಟ್ಟು ಬೇರೇನೂ ಕೇಳುವುದಿಲ್ಲ. ಆ ಗಲಾಟೆಯ ಗಲ್ಲಿಯಲ್ಲಿ ಅಪ್ಪನ ದನಿ ಎಷ್ಟು ಗಟ್ಟಿಯಾಗಿ ಬಂತೆಂದರೆ ಹಿಂದಿದ್ದ ಗಿರಾಕಿಗಳು ತಿರುಗಿ ನೋಡಿದರು. ಆ ಹೆಮ್ಮೆಯ ಎದುರು ನಾನು ಏನು ಹೇಳಬೇಕಿತ್ತು, ನೀವೇ ಹೇಳಿ. ತಲೆಯಾಡಿಸಿದೆ.

ಡಾಕ್ಟರರ ಮುಖ ಬದಲಾಯಿತು. ಅವರು ಎದ್ದು ನಿಂತು, ಮೇಲಿನ ಮೊಳೆಯಿಂದ ಬೇರೊಂದನ್ನು ಎರಡೂ ಕೈಯಲ್ಲಿ ಇಳಿಸಿದರು. ಹಗುರ, ಬೂದು ಬಣ್ಣ, ಕಿವಿಗೆ ಈಗ ಉದುರುತ್ತಿರುವ ಅದೇ ಕಪ್ಪು ತೊಗಲಿನ ಮೆತ್ತೆ. ಕಿವಿಗಳ ಹಿಂಬದಿ ಮುಚ್ಚಿರಲಿಲ್ಲ. ಹಿಟ್ಟು ಸಾಣಿಸುವ ಜರಡಿಯಂಥ ಜಾಳಿಗೆ. ಹಿಂದೆ ತೆರೆದಿದ್ದರೆ ಸ್ವರಕ್ಕೆ ಉಸಿರಾಡಲು ಜಾಗ ಸಿಗುತ್ತದೆ, ಕಛೇರಿಯಲ್ಲಿ ಎದುರು ಕೂತಂತೆ ಕೇಳುತ್ತದೆ ಎಂದು ಅವರು ವಿವರಿಸಿದರು. ಅಪ್ಪ ಜಾಳಿಗೆಯ ಮೇಲೆ ಬೆರಳಾಡಿಸಿ, "ಗಾಳಿ ಆಡತೈತಿ, ಚಲೋ ಐತಿ," ಅಂದರು. ಜಾಳಿಗೆಯಲ್ಲಿ ಗಾಳಿಯ ಜೊತೆ ಇನ್ನೇನು ಆಡಿ ಹೊರಗೆ ಬರುತ್ತದೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇಂಜಿನಿಯರಿಂಗ್ ಓದಿದವಳಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಪ್ಪನ ಸಮಾಧಾನಕ್ಕೆ ಶಾಸ್ತ್ರೀಯದ ಹೆಡ್‌ಫೋನು ಸಿಕ್ಕಿತು. ಅದರಲ್ಲಿ ನಾನು ಕೇಳಿದ್ದು, ಫುಟ್‌ಪಾತಿನಲ್ಲಿ ಕೊಂಡ ಹೆಸರಿಲ್ಲದ ಸಿ.ಡಿ.ಯಿಂದ ತುಂಬಿಸಿಕೊಂಡ ತೀನ್‌ಮಾರ್. ಬಂಗಾರ ತೂಗುವ ತಕ್ಕಡಿಯಲ್ಲಿ ಕಟ್ಟಿಗೆ ತೂಗಿದ ಹಾಗಾಯಿತು. ಡಪ್ಪಿನ ಪೆಟ್ಟು ಭುಜಕ್ಕೆ ಬರಬೇಕಾದದ್ದು, ಯಾರೋ ಪಕ್ಕದ ಮನೆಯಲ್ಲಿ ಇಂಗಿನ ಡಬ್ಬಿ ಬಡಿದಂತೆ ಬಂತು. ದನಿ ಏರಿಸಿದೆ. ಇಂಗಿನ ಡಬ್ಬಿ ಹೋಗಿ ಅವಲಕ್ಕಿ ಡಬ್ಬಿ ಆಯಿತು. ಇನ್ನೂ ಏರಿಸಿದೆ. ಎಣ್ಣೆಯ ತಗಡಿನ ಡಬ್ಬ ಬರುವಹೊತ್ತಿಗೆ ಗುಂಡಿ ಕೊನೆಗೆ ತಾಕಿತ್ತು. ಅಷ್ಟಕ್ಕೇ ಒಪ್ಪಿಕೊಂಡು ದಿನವೂ ಆಫೀಸಿನಲ್ಲಿ ಹಾಕಿಕೊಂಡು ಕೂತೆ. ಬೆನ್ನು ನೆಟ್ಟಗೆ, ಮುಖ ಶಾಂತ, ಬೂಟಿನೊಳಗೆ ಹೆಬ್ಬೆರಳು. ಸಂಜೆ ಮನೆಯಲ್ಲೂ ಅಷ್ಟೇ. ನನ್ನ ಕೋಣೆ ಎಂದರೆ ಪಡಸಾಲೆಯನ್ನು ಪ್ಲೈವುಡ್ಡಿನಿಂದ ಅಡ್ಡಗಟ್ಟಿ ಮಾಡಿದ ಒಂದು ತುಂಡು. ಆಚೆ ಅಪ್ಪ ಪೇಪರ್ ಓದುತ್ತಿದ್ದರು, ಈಚೆ ನಾನು ಕಿವಿ ಮುಚ್ಚಿಕೊಂಡು ಖಾಸಗಿಯಾಗಿದ್ದೆ. ಹಾಗೆ ನಾನು ತಿಳಿದಿದ್ದೆ.

ಒಂದು ದಿನ ನೆಗಡಿಯೆಂದು ರಜೆ ಹಾಕಿದೆ. ಮರುದಿನ ಹೋಗುತ್ತಲೇ ಪಕ್ಕದ ಮೇಜಿನ ಸ್ವಪ್ನಾ ನನ್ನ ಕುರ್ಚಿಯನ್ನು ತನ್ನತ್ತ ತಿರುಗಿಸಿಕೊಂಡಳು. ಊರೆಲ್ಲ ಗೆಳೆತನ ಇರುವ ತೆಲುಗಿನ ಹುಡುಗಿ. ನನ್ನ ಜೊತೆ ಮಾತ್ರ ಹಿಂದಿ.

"ಕಹಾಂ ಥೀ ಯಾರ್ ಕಲ್? ಕಿಸೀಕಾ ಕಾಮ್ ಚ ನಹಿ ಹುವಾ!"

ನಾನಿಲ್ಲದೆ ಯಾರ ಕೆಲಸವೂ ಸಾಗಲಿಲ್ಲವಂತೆ. ನನಗೆ ಒಳಗೊಳಗೇ ಹಿಗ್ಗಾಯಿತು. ಹಾಗೇನಿಲ್ಲ, ನನ್ನ ಪಾಲಿನ ಕೋಡ್ ಮುಗಿಸಿಯೇ ಹೋಗಿದ್ದೆ ಎಂದು ವಿನಯ ತೋರಿದೆ.

"ಕೋಡ್ ಕೌನ್ ಪೂಛ್ರಾ? ತೇರಾ ತೀನ್‌ಮಾರ್!"

ಕೋಡನ್ನು ಯಾರು ಕೇಳಿದರು, ಇಲ್ಲದ್ದು ನನ್ನ ತೀನ್‌ಮಾರ್ ಅಂತೆ. ಆಮೇಲೆ ಅವಳು ಹೇಳಿದ್ದನ್ನು ಇಲ್ಲಿ ಸಭ್ಯವಾಗಿ ಸಂಗ್ರಹಿಸುತ್ತೇನೆ. ಹೆಡ್‌ಫೋನು ಬಂದ ದಿನದಿಂದ ನಮ್ಮ ಇಡೀ ಸಾಲು, ಹಿಂದಿನ ಸಾಲಿನ ಅರ್ಧ, ನನ್ನ ಜಾಳಿಗೆಯಿಂದ ಸೋರುವುದನ್ನು ಕೇಳುತ್ತಿತ್ತು. ಮೊದಲ ದಿನ ನಕ್ಕರಂತೆ. ಆಮೇಲೆ ರೂಢಿಯಾಯಿತು. ಆಮೇಲೆ ಬೇಕೆನಿಸಿತು. ಜೇಬಿಗೆ ತಂತಿ ಇಳಿಬಿಟ್ಟ ಎದುರಿನ ಮಹಾಶಯರು ಅದಕ್ಕೆ ಸರಿಯಾಗಿ ಪೆನ್ನು ಕುಟ್ಟುತ್ತಿದ್ದರಂತೆ. ನಮ್ಮ ಮ್ಯಾನೇಜರು, ನಗುವುದಕ್ಕೂ ಮೀಟಿಂಗ್ ಕರೆಯುವ ಮನುಷ್ಯ, ಊಟದ ನಂತರ ಬರುವ ಆ ಜೋರಿನದ್ದು ಇವತ್ತೇಕೆ ಇಲ್ಲ ಎಂದು ನಿನ್ನೆ ಬಂದು ವಿಚಾರಿಸಿದರಂತೆ. ಯಾರೂ ನನಗೆ ಹೇಳಲಿಲ್ಲ. ಹೇಳಿದರೆ ನಿಲ್ಲಿಸಿಬಿಡುತ್ತಾಳೆ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು.

ಸೀರೆ ಯಾವಾಗಲೋ ಹಾರಿಹೋಗಿತ್ತು. ತಂತಿಯ ಮೇಲೆ ಎಲ್ಲವೂ ಬಿಸಿಲಿಗೆ ಮಿನುಗುತ್ತಿತ್ತು.

ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಎಂದುಕೊಂಡು ನೀರು ಕುಡಿಯುತ್ತಿರುವಾಗ, ಅದಕ್ಕಿಂತ ದೊಡ್ಡದೊಂದು ಯೋಚನೆ ಬಂದು ನೀರು ನೆತ್ತಿಗೇರಿತು. ಪ್ಲೈವುಡ್. ಆಚೆ ಅಪ್ಪ.

ಅಂದು ಸಂಜೆಯೇ ಹೆಡ್‌ಫೋನನ್ನು ಡಬ್ಬಕ್ಕೆ ಹಾಕಿ ಕಪಾಟಿನ ಮೇಲಿಟ್ಟೆ. ಅಪ್ಪನನ್ನು ಕಳ್ಳಗಣ್ಣಿನಿಂದ ಗಮನಿಸಿದೆ. ಪೇಪರ್ ಓದಿದರು, ಊಟ ಮಾಡಿದರು, ಗಡಿಯಾರಕ್ಕೆ ಕೀ ಕೊಟ್ಟರು. ಮುಖದಲ್ಲಿ ಏನಾದರೂ ಕಂಡರೆ ತಾನೆ? ನಾನೂ ಅದೇ ಮುಖವನ್ನು ಹೊತ್ತು ತಿರುಗುವವಳು. ಅದರಲ್ಲಿ ಏನೂ ಕಾಣುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ರವಿವಾರ ಬಂತು. ಚಾಪೆ ಹಾಸಿದ್ದರು. ನಾನು ನನ್ನ ತುದಿಯಲ್ಲಿ ಕೂತೆ. ಅಪ್ಪ ಕ್ಯಾಸೆಟ್ ಹಾಕುವ ಬದಲು ಸ್ಟೂಲು ಎಳೆದು, ಕಪಾಟಿನ ಮೇಲಿಂದ ಡಬ್ಬ ಇಳಿಸಿದರು.

"ಯಾಕ, ಹಾಕ್ಕೊಳ್ಳೂದು ಬಿಟ್ಟೆಲ್ಲಾ?"

"ಭಾಳ ಚಲೋ ಅದಾವ್ರಿ ಅಪ್ಪಾ. ಆಫೀಸಿನಾಗ ಧೂಳ ಭಾಳ." ಗಾಜಿನ ಕಟ್ಟಡದಲ್ಲಿ ಧೂಳು. ಸುಳ್ಳಿಗೂ ಒಂದು ಅಂತಸ್ತು ಬೇಡವೇ.

ಅಪ್ಪ ಹೆಡ್‌ಫೋನನ್ನು ಹೊರಗೆ ತೆಗೆದು ತಿರುಗಿಸಿ ನೋಡಿದರು. "ಶಾಸ್ತ್ರೀಯಕ್ಕ ಅಂತ ತಂದದ್ದು," ಅಂದರು, ಬಹಳ ಮೆಲ್ಲಗೆ. "ಶಾಸ್ತ್ರೀಯ ಒಂದು ಸಲನೂ ಕೇಳಿಸ್ಲಿಲ್ಲ ಇದಕ್ಕ."

ನಾನು ಚಾಪೆಯ ಕಡ್ಡಿ ಎಣಿಸಿದೆ. ಅವರು ತಂತಿಯನ್ನು ಟೇಪ್‌ರೆಕಾರ್ಡರಿಗೆ ಚುಚ್ಚಿ, ಹೆಡ್‌ಫೋನನ್ನು ತಲೆಗೆ ಏರಿಸಿ, ದನಿ ಜೋರು ಮಾಡಿ ಖಯಾಲ್ ಹಚ್ಚಿದರು. ಪಡಸಾಲೆ ನಿಶ್ಶಬ್ದವಾಯಿತು. ಅಡುಗೆಮನೆಯಿಂದ ಅವ್ವ ತಲೆ ಹಾಕಿ ನೋಡಿದಳು, ಅಪ್ಪನ ಕಿವಿ ಮುಚ್ಚಿದ್ದು ಕಂಡಳು, ಹಬ್ಬ ಬಂದವಳಂತೆ ಒಳಗೆ ಓಡಿ ಮಿಕ್ಸರ್ ತಿರುಗಿಸಿದಳು.

ಅಂದರೆ ಮುಗಿಯಿತು. ಇನ್ನು ಮೇಲೆ ಅಪ್ಪನ ಸಂಗೀತ ಅಪ್ಪನಿಗೆ, ಮಿಕ್ಸರ್ ಅವ್ವನಿಗೆ, ನನಗೆ ರವಿವಾರ ಮಲಗಲು ಬಿಡುವು. ಇಷ್ಟು ವರ್ಷ ನಾನು ಮನಸ್ಸಿನಲ್ಲೇ ಗೇಲಿ ಮಾಡಿದ ಆ ನೀರಿಗೆ ಹೊರಟ ಹೆಣ್ಣು ನನ್ನನ್ನು ಬಿಟ್ಟು ಹೊರಟಿದ್ದಳು. ಸಂತೋಷವಾಗಬೇಕಿತ್ತು. ಆಗಲಿಲ್ಲ. ಎದ್ದು ಹೋಗಬಹುದಿತ್ತು, ಕೂತೇ ಇದ್ದೆ. ಮಿಕ್ಸರ್ ನಿಂತಾಗ ಜಾಳಿಗೆಯಿಂದ ಸಣ್ಣದೊಂದು ದನಿ ಸೋರಿ ಬರುತ್ತಿತ್ತು. ಸೊಳ್ಳೆಯಷ್ಟು ಗಾತ್ರದ ಗಾಯಕ, ಸೊಳ್ಳೆಯಷ್ಟು ತಂಬೂರಿ. ಕೇಳಿಸಿಕೊಳ್ಳಲು ನಾನು ಸ್ವಲ್ಪ ಸರಿದು ಹತ್ತಿರ ಕೂರಬೇಕಾಯಿತು. ಅಪ್ಪನ ಕಿರುಬೆರಳು ಎದ್ದಿತು. "ಆಹಾ" ಅಂದೆ. ಅವರಿಗೆ ಕೇಳಿಸಲಿಲ್ಲ.

ಹೆಡ್‌ಫೋನು ಹಾಕಿಕೊಂಡವರು ತಮ್ಮ ದನಿಯ ಅಳತೆ ತಪ್ಪುತ್ತಾರೆ. ಇದು ನಮ್ಮ ಆಫೀಸಿನಲ್ಲಿ ಮಗುವಿಗೂ ಗೊತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಅವರು ನನ್ನತ್ತ ಬಾಗಿ, ಗುಟ್ಟು ಹೇಳುವವರಂತೆ ಬಾಯಿಗೆ ಕೈ ಅಡ್ಡ ಹಿಡಿದು, ನಾರಾಯಣಗೂಡದ ಚೌರಸ್ತೆಯವರೆಗೆ ಮುಟ್ಟುವ ದನಿಯಲ್ಲಿ ಕೂಗಿದರು:

"ವೈಜೂ! ಆ ನಿನ್ನ ತೀನ್‌ಮಾರ್ ಐತೆಲ್ಲಾ! ಪ್ಲೈವುಡ್ಡಿನ ಆಚಿಂದ ದಿನಾ ಕೇಳಾಕತ್ತೀನಿ! ಎಷ್ಟ ಎಣಿಸಿದ್ರೂ ಹತ್ತವಲ್ದು! ಅದರಾಗ ಸಮ್ ಎಲ್ಲಿ ಬರತೈತಿ?"

ಅಡುಗೆಮನೆಯಲ್ಲಿ ಸೌಟು ನಿಂತಿತು. ಓಣಿಯಲ್ಲಿ ಒಂದು ಸೈಕಲ್ ಕೂಡ ನಿಂತಿರಬೇಕು. ಕೆಳಗಿನಿಂದ, ಕರಿಬೇವು ಬರುವ ದಾರಿಯಲ್ಲೇ, ಓನರ್ ಆಂಟಿಯ ಉತ್ತರ ಬಂತು:

"ದಾಂಟ್ಲ ಅವೇಂ ಉಂಡಯ್ ಸಾರ್, ಎಗುರುಡೇ!"

ಅದರಲ್ಲಿ ಅಂಥದ್ದೇನೂ ಇರುವುದಿಲ್ಲ ಸಾರ್, ಕುಣಿಯುವುದಷ್ಟೇ.

ಅಪ್ಪನಿಗೆ ಅದೂ ಕೇಳಿಸಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ತಮಾಷೆಯಿಲ್ಲ, ಸಿಟ್ಟಿಲ್ಲ; ಅಷ್ಟು ದಿನದಿಂದ ಹುಡುಕಿ ಸಿಗದ ಒಂದು ಲೆಕ್ಕವನ್ನು ತಿಳಿದವರ ಹತ್ತಿರ ಕೇಳುವ ಮುಖ. ಅಪ್ಪ ದಿನವೂ ಸಂಜೆ ಪೇಪರ್ ಓದುತ್ತಿರಲಿಲ್ಲ ಎಂದು ಆಗ ಗೊತ್ತಾಯಿತು.

ಆಂಟಿ ಹೇಳಿದ್ದು ತಪ್ಪು. ತೀನ್‌ಮಾರ್‌ಗೂ ಒಂದು ಇಳಿಯುವ ಜಾಗವಿದೆ. ಆದರೆ ಕಿವಿ ಮುಚ್ಚಿಕೊಂಡವರಿಗೆ ಅದನ್ನು ಹೇಗೆ ಹೇಳುವುದು? ಕೂಗುವುದು ನನ್ನಿಂದಾಗದು. ನಾನು ಲಂಗದೊಳಗಿನಿಂದ ಬಲಗಾಲನ್ನು ಹೊರಗೆ ಚಾಚಿ ಚಾಪೆಯ ಮೇಲೆ, ಅಪ್ಪನ ಎದುರಿಗೆ ಇಟ್ಟೆ. ಹೆಬ್ಬೆರಳು ಮೊದಲು ನಾಚಿತು. ಆಮೇಲೆ ಶುರುಮಾಡಿತು.

ಅಪ್ಪ ಕನ್ನಡಕ ಸರಿಮಾಡಿಕೊಂಡು ಅದನ್ನು ನೋಡಿದರು. ಕಿವಿಯಲ್ಲಿ ಖಯಾಲ್ ನಡೆದಿತ್ತು, ಕಣ್ಣಿನ ಮುಂದೆ ಬರಾತು. ಬಹಳ ಹೊತ್ತು ಅವರ ಕೈ ಗಾಳಿಯಲ್ಲೇ ನಿಂತಿತ್ತು. ಆಮೇಲೆ ಕಿರುಬೆರಳು ಎದ್ದಿತು, ಕೈ ತೊಡೆಗೆ ಬಿತ್ತು. ಬಿದ್ದದ್ದು ಅವರ ಸಮ್‌ಗೋ ನನ್ನದಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಆಹಾ," ಅಂದರು ಅಪ್ಪ. ಕೆಳಗಿನವರೆಗೂ ಕೇಳಿಸುವಂತೆ.